ಆನೆಮರಿಯ ಮಂಡಿ ಮತ್ತು ಮರೆಗುಳಿ ಗಾಳಿ

ಜಗತ್ತು ಇನ್ನೂ ಹೊಸದಾಗಿತ್ತು. ನದಿಗಳಿಗೆ ತಮ್ಮ ದಾರಿಯೇ ಬಾಯಿಪಾಠವಾಗಿರಲಿಲ್ಲ. ಮಗು ಮೇದಿನಿ, ನಿನ್ನ ಮಂಡಿಯ ಗಾಯ ಕೆರೆಯದೆ ಕೇಳು.

ಆಗ ಆನೆಯ ಚರ್ಮ ಬದನೆಕಾಯಿಯ ಹಾಗೆ ನುಣ್ಣಗಿತ್ತು. ಚರ್ಮ ಎಂದರೆ ಪುಟಾಣಿ ಜೀವಕೋಶಗಳ ಊರು. ಪ್ರತಿ ಕೋಶದೊಳಗೂ ಕೂದಲಿಗಿಂತ ಸಣ್ಣ ಹುರಿಗಳು. ಅವು ಯಾಕಿವೆ ಎಂದು ಯಾರೂ ಯೋಚಿಸಿರಲಿಲ್ಲ. ಡಂಗುರ ಸಾರಲು ಗಾಳಿ ಇತ್ತಲ್ಲ! ಗಾಳಿ "ಬೆಳೆಯಿರಿ!" ಎಂದರೆ ಒಂದು ಕೋಶ ಎರಡಾಗುತ್ತಿತ್ತು. "ಸಾಕು!" ಎಂದರೆ ನಿಲ್ಲುತ್ತಿತ್ತು.

ಒಂದು ಬೆಳಿಗ್ಗೆ ಆನೆಮರಿ ಬಂಡೆಯಿಂದ ಜಾರಿ ಮಂಡಿ ತರಚಿಕೊಂಡಿತು. "ಬೆಳೆಯಿರಿ!" ಎಂದು ಕೂಗಿತು ಗಾಳಿ. ಅಷ್ಟರಲ್ಲಿ ಬೆಟ್ಟದಾಚೆ ದಪ್ಪ ಮೋಡವೊಂದು ಕಂಡಿತು. ಗಾಳಿ ಅದರ ಬೆನ್ನು ಹತ್ತಿ ಹೋಯಿತು. "ಸಾಕು" ಎನ್ನುವುದನ್ನೇ ಮರೆಯಿತು.

ಗಾಯ ಮುಚ್ಚಿತು. ಚರ್ಮ ನಿಲ್ಲಲಿಲ್ಲ. ಹೊಟ್ಟೆಯ ಮೇಲೆ ಬೆಳೆಯಿತು, ಬೆನ್ನಿನ ಮೇಲೆ ಬೆಳೆಯಿತು, ಹುಬ್ಬಿನಿಂದ ಪರದೆಯಂತೆ ಕಣ್ಣಿನ ಮೇಲೆ ಇಳಿಯಿತು.

"ಅಮ್ಮಾ, ನೀನು ಕಾಣಿಸ್ತಿಲ್ಲ!"

ತಾಯಿ ಆನೆ ಮರಿಯನ್ನು ನದಿಗೆ ಕರೆದೊಯ್ದಿತು. "ನದಿಯಕ್ಕಾ, ಆ ಗಾಳಿಯನ್ನು ಬೇಗ ಕರೆಸು!"

"ಅವನನ್ನಾ? ಅವನು ಬರೋ ಹೊತ್ತಿಗೆ ನಿನ್ನ ಮಗ ಬರೀ ಚರ್ಮದ ಗಂಟಾಗಿರ್ತಾನೆ. ಮರಿಯನ್ನ ನೀರಿಗಿಳಿಸು, ಕೋಶಗಳ ಹತ್ರ ನಾನೇ ಮಾತಾಡ್ತೀನಿ."

ನದಿ ಮರಿಯ ಮೈ ಸವರಿ ಕೇಳಿತು. "ಏನ್ರೋ, ಒಳಗಿರೋ ಹುರಿಗಳನ್ನ ಶೋಕಿಗೆ ಇಟ್ಕೊಂಡಿದ್ದೀರಾ? ಪಕ್ಕದವರ ಕೈ ಹಿಡ್ಕೊಂಡು ನೋಡಿ, ಹುರಿ ಹೇಗಿದೆ?"

"ಸಡಿಲ, ನದಿಯಕ್ಕಾ! ಉಸಿರಾಡೋಕೂ ಜಾಗವಿಲ್ಲ, ಇನ್ನೆಲ್ಲಿ ಬಿಗಿಯಾಗುತ್ತೆ?"

"ಮತ್ತೆ ಯಾಕೆ ಬೆಳೀತಿದ್ದೀರಿ?"

"ಗಾಳಿಮಾಮ ಸಾಕು ಅನ್ನಲಿಲ್ಲ!"

"ಹುರಿಯೇ ಸಾಕು ಅಂತಿದೆಯಲ್ಲ! ಮೈ ಹಿಗ್ಗಿ ಹುರಿ ಬಿಗಿಯಾದರೆ ಜಾಗ ಇದೆ, ಬೆಳೀರಿ. ಸಡಿಲವಾದರೆ ಜಾಗ ತುಂಬಿತು, ನಿಲ್ಲಿ."

ಕೋಶಗಳು ನಿಂತವು. ನೆನೆದ ಹಳೆಯ ಪದರ ಉದುರಿ ನೀರಿನಲ್ಲಿ ತೇಲಿಹೋಯಿತು. ಮರಿ ಕಣ್ಣು ಬಿಟ್ಟಿತು.

"ಅಮ್ಮಾ, ನಿನ್ನ ಸೊಂಡಿಲಿಗೆ ಕೆಸರು!"

ತಾಯಿಗೆ ಅದಕ್ಕಿಂತ ಸಿಹಿಯಾದ ಮಾತು ಬೇಕಿರಲಿಲ್ಲ.

ಸಂಜೆ ಗಾಳಿ ಏದುಸಿರು ಬಿಡುತ್ತ ಬಂದು "ಸಾಕು!" ಎಂದಿತು. ಕಪ್ಪೆಗಳೂ ನಕ್ಕವು.

ಮಿಕ್ಕ ಚರ್ಮ ಸುಕ್ಕಾಗಿ ಆನೆಗೆ ಇಂದಿಗೂ ಉಳಿದಿದೆ. ಇನ್ನು ನಿನ್ನ ಮಂಡಿಯೋ, ಮೇದಿನಿ, ಮಂಗಳವಾರ ಸೈಕಲ್ಲಿನಿಂದ ಬಿದ್ದಾಗ ಹುಣಸೆಬೀಜದಷ್ಟಿದ್ದ ಗಾಯ ಇಂದು ಎಳ್ಳಿನಷ್ಟಾಗಿದೆ ಎಂದು ನನ್ನ ಡೈರಿಯಲ್ಲಿ ಬರೆದಿದ್ದೇನೆ. ನಾಳೆ ಅದರ ಅಂಚುಗಳು ಕೂಡಿದಾಗ, ಹೊರಗೆ ಗಾಳಿ ಬೀಸಲಿ ಬಿಡಲಿ, ಒಳಗಿನ ಹುರಿಗಳ ಮಾತು ಕೇಳಿ ನಿನ್ನ ಚರ್ಮ ತಾನಾಗಿಯೇ ನಿಲ್ಲುತ್ತದೆ.