ಹಳದಿ ಟೋಪಿಯ ಗೈಡು

ತೆಂಗಿನ ದ್ವೀಪ ತೋರಿಸುವ ಗೈಡ್ ಕೊರಗಪ್ಪನಿಗೆ ಮಾಲೀಕ ಖಡಕ್ಕಾಗಿ ಹೇಳಿದ್ದ: ಅಭಿಪ್ರಾಯ ಪುಸ್ತಕದಲ್ಲಿ ಇನ್ನೊಂದು ದೂರು ಬಂದರೆ ಕೆಲಸ ಹೋಯಿತು ಅಂತಲೇ ತಿಳಿ.

ಅವತ್ತೇ ಬರಬೇಕೇ, ನಿವೃತ್ತ ಪ್ರಿನ್ಸಿಪಾಲ್ ನಂಜುಂಡಾರಾಧ್ಯರು! ತಮಗೊಬ್ಬರಿಗೇ ಅಂತ ಖಾಸಗಿ ಗೈಡ್ ಗೊತ್ತುಮಾಡಿಕೊಂಡ ಮಹಾನುಭಾವರು ಅವನಿಗೆ ಬಾಯಿ ತೆರೆಯಲು ಮಾತ್ರ ಬಿಡಲಿಲ್ಲ. "ಈ ಬಂಡೆ..." ಅನ್ನುವಷ್ಟರಲ್ಲಿ "ಲಾವಾ ಶಿಲೆ, ನನಗೆ ಗೊತ್ತು!" "ಆ ಹಕ್ಕಿ..." ಅಂದರೆ "ಕಡಲ ಹದ್ದು, ನಿನಗೇನು ಗೊತ್ತು!" ಕೊನೆಗೆ, "ನಿನ್ನಂಥ ದಡ್ಡ ಗೈಡನ್ನು ನಾನು ನೋಡೇ ಇಲ್ಲ. ಸಂಜೆ ಪುಸ್ತಕದಲ್ಲಿ ಬರೀತೀನಿ, ಇರು," ಅಂದರು.

ಕೊರಗಪ್ಪ ಕೈಮುಗಿದ. "ಬರೀರಿ ಸರ್. ಆದ್ರೆ ಬಿಸಿಲು ಜೋರಿದೆ. ಅಷ್ಟು ವಿದ್ಯೆ ತುಂಬಿದ ತಲೆ ಕಾದರೆ ಹೇಗೆ?" ಅಂತ, 'ಗೈಡ್' ಎಂದು ಬರೆದಿದ್ದ ತನ್ನ ಹಳದಿ ಟೋಪಿಯನ್ನು ಅವರ ತಲೆಗೆ ಇಟ್ಟ.

ಮುಂದಿನ ದೋಣಿಯಿಂದ ಇಳಿದ ಇಪ್ಪತ್ತು ಜನ ಟೋಪಿ ನೋಡಿ ಅವರನ್ನೇ ಸುತ್ತಿಕೊಂಡರು. ನಿವೃತ್ತಿಯಾದ ಮೇಲೆ ಪ್ರಿನ್ಸಿಪಾಲರಿಗೆ ಸಿಕ್ಕ ಮೊದಲ ಕ್ಲಾಸು ಅದು, ಬಿಡುತ್ತಾರೆಯೇ? ಮೂರು ಗಂಟೆ ದ್ವೀಪವನ್ನೆಲ್ಲ ಸುತ್ತಿಸಿ ಬೋಧಿಸಿದರು. ಕೊರಗಪ್ಪ ತೆಂಗಿನ ನೆರಳಲ್ಲಿ ಕಾಲು ಚಾಚಿಕೊಂಡು ಎಳನೀರು ಕುಡಿದ.

ಸಂಜೆ ಪುಸ್ತಕ ಹಿಡಿದು ವಿನಯದಿಂದ ಬಂದ. "ಸರ್, ಇವತ್ತಿನ ಗೈಡ್ ಹೇಗಿದ್ದರು ಅಂತ ಬರೀಬೇಕು."

ಹಿಂದೆ ಇಪ್ಪತ್ತು ಜನ ಇನ್ನೂ ಚಪ್ಪಾಳೆ ತಟ್ಟುತ್ತಿದ್ದರು. ಪ್ರಿನ್ಸಿಪಾಲರು ಟೋಪಿ ಸರಿಮಾಡಿಕೊಂಡು, ಪೆನ್ನು ತೆಗೆದು, ದುಂಡಗೆ ಬರೆದರು: 'ಇಂಥ ಗೈಡ್ ಸಿಕ್ಕಿದ್ದು ಈ ದ್ವೀಪದ ಪುಣ್ಯ. ಕೂಡಲೇ ಸಂಬಳ ಹೆಚ್ಚಿಸತಕ್ಕದ್ದು.'