ಹಸಿದ ಕೌದಿ

“ಅಜ್ಜಾರೇ, ತಾನು ಮಾಡಿದ ಕೆಲಸ ನೋಡಿ ತಾನೇ ಹೆಮ್ಮೆಪಡುವುದು ತಪ್ಪೇ?” ಎಂದು ಶಿಷ್ಯ ಕಲ್ಲಯ್ಯ ಕೇಳಿದ.

ಮಠದ ಪಡಸಾಲೆಯ ಗೋಡೆಗೆ ಅವನು ಆಗ ತಾನೇ ಚಿತ್ರ ಬರೆದು ಮುಗಿಸಿದ್ದ. ಜನ ಬಂದು ನೋಡಲಿ ಎಂದು ಬಾಗಿಲನ್ನು ಪೂರ್ತಿ ತೆರೆದು ಗೋಡೆಗೆ ಒರಗಿಸಿದ್ದ. ಬಂದವರೆಲ್ಲ ಬೆನ್ನು ತಟ್ಟಿ ಹೋಗಿದ್ದರು. ಕೈಗೆ ಅಂಟಿದ ಬಣ್ಣವನ್ನು ಅವನು ಬೇಕೆಂದೇ ತೊಳೆದಿರಲಿಲ್ಲ.

ಅಜ್ಜ ಕಂಬಕ್ಕೆ ಒರಗಿ ಕೂತು ಹೇಳಿದರು:

ಕೇಳು. ನಾನು ಅಕ್ಷರ ಕಲಿತವನಲ್ಲ, ಕಣ್ಣಿನಿಂದ ಕಲಿತವನು. ನಾನು ಕಾಲಿಡದ ಊರಿಗೆ ಸೂರ್ಯ ಕೂಡ ಯೋಚನೆ ಮಾಡಿ ಹೋಗುತ್ತಾನೆ.

ದೊಡ್ಡ ಪಟ್ಟಣವೊಂದರಲ್ಲಿ ಶ್ರೀಮಂತರ ಬೀದಿಯೊಂದಿತ್ತು. ಅಂಥ ಬೀದಿಯನ್ನು ನೀನು ಕನಸಿನಲ್ಲೂ ಕಂಡಿರಲಾರೆ. ಹಾಸುಗಲ್ಲು ಎಷ್ಟು ನುಣುಪೆಂದರೆ, ಕುದುರೆಗಳು ತಮ್ಮ ಮುಖ ನೋಡಿಕೊಳ್ಳುತ್ತ ನಿಂತುಬಿಡುತ್ತಿದ್ದವು. ಒಂದು ಅಂಗಡಿಯಲ್ಲಿ ಚಿತ್ರ, ಒಂದರಲ್ಲಿ ರೇಷ್ಮೆ, ಒಂದರಲ್ಲಿ ಅತ್ತರು. ಅತ್ತರಿನ ಅಂಗಡಿಯ ಮುಂದೆ ಹಾದುಹೋದವನ ಮನೆಯ ಬೆಕ್ಕು ಕೂಡ ತಿಂಗಳುಗಟ್ಟಲೆ ಘಮಘಮಿಸುತ್ತಿತ್ತು. ಬೀದಿಯ ತುದಿಗೆ ಒಂದು ಊಟದ ಮನೆ. ಅಲ್ಲಿ ಉಣ್ಣಲು ರಾಜರು ಸಾಲಿನಲ್ಲಿ ನಿಲ್ಲುತ್ತಿದ್ದರು. ನನ್ನನ್ನು ಮಾತ್ರ ನೇರ ಒಳಗೆ ಕರೆಯುತ್ತಿದ್ದರು, ಅದು ಬೇರೆ ಮಾತು.

ಆ ಊಟದ ಮನೆ ಒಬ್ಬ ವ್ಯಾಪಾರಿಯದು. ಅದರ ಗೋಡೆಗೆ ತಕ್ಕ ಕಲೆಯನ್ನು ಹುಡುಕುತ್ತ ಅವನು ಊರೂರು ಸುತ್ತಿ, ಕೌದಿ ಹೊಲಿಯುವ ಒಬ್ಬ ಮುದುಕಿಯ ಮನೆಗೆ ಬಂದ. ಹಳೆಯ ಸೀರೆ, ಧೋತರದ ತುಂಡುಗಳನ್ನು ಜೋಡಿಸಿ ಹೊಲಿದ ಕೌದಿ ಅವಳ ಮುಂದೆ ಹರಡಿತ್ತು. ವ್ಯಾಪಾರಿ ಅದನ್ನು ನೋಡಿ ಹಾಗೆ ಹೊಗಳಿದ, ಹೀಗೆ ಹೊಗಳಿದ. ಮುದುಕಿ ಉಬ್ಬಿಹೋದಳು. ಆಗಲೇ ಮಡಿಚಿ ಅವನ ಗಾಡಿಗೆ ಹಾಕಿಬಿಟ್ಟಳು.

ಆ ಮುದುಕಿಯ ಕಡೆ ಒಂದು ಪದ್ಧತಿಯುಂಟು. ಕೌದಿಯ ಕೊನೆಯ ಮೂಲೆ ಮುಚ್ಚುವ ಮೊದಲು ಅದರೊಳಗೆ ನಾಲ್ಕು ಕಾಳು ಜೋಳ ಹಾಕಬೇಕು. ಕೌದಿಯ ಹೊಟ್ಟೆ ತುಂಬಿದರೆ ಅದನ್ನು ಇಟ್ಟುಕೊಂಡವರ ಹೊಟ್ಟೆಯೂ ತುಂಬಿರುತ್ತದೆ ಎಂಬ ನಂಬಿಕೆ. ಈ ಕೌದಿಯ ಕೊನೆಯ ಮೂಲೆ ಇನ್ನೂ ತೆರೆದೇ ಇತ್ತು. ಒಂದು ಮೂಲೆಯನ್ನು ಯಾರು ನೋಡುತ್ತಾರೆ ಎಂದುಕೊಂಡಳು. ಆದರೆ ಅಂದಿನಿಂದ ಅವಳ ಗಂಟಲಲ್ಲಿ ರೊಟ್ಟಿ ಇಳಿಯಲಿಲ್ಲ. ಕೊನೆಗೆ ಸೆರಗಿನ ತುದಿಗೆ ಜೋಳ ಕಟ್ಟಿಕೊಂಡು, ಸೂಜಿ ದಾರ ಹಿಡಿದು, ಪಟ್ಟಣಕ್ಕೆ ನಡೆದೇ ಹೊರಟಳು.

ಇತ್ತ ವ್ಯಾಪಾರಿಯ ಗತಿ ಕೆಟ್ಟಿತ್ತು. ಕೌದಿಯನ್ನು ಗೋಡೆಗೆ ತೂಗುಹಾಕಿದಂದಿನಿಂದ ಅಲ್ಲಿ ಉಂಡವರಿಗೆ ಹೊಟ್ಟೆಯೇ ತುಂಬುತ್ತಿರಲಿಲ್ಲ. ಒಬ್ಬ ಸಾಹುಕಾರ ಒಂದು ಕಡಾಯಿ ಪಾಯಸ ಕುಡಿದು, ‘ಊಟ ಯಾವಾಗ?’ ಎಂದು ಕೇಳಿದ. ಇನ್ನೊಬ್ಬ ಊಟ ಮುಗಿಸಿ ಬಾಳೆಎಲೆಯನ್ನೂ ತಿಂದ. ನಾನು ಎದುರಿಗೇ ಕೂತಿದ್ದೆ, ನನ್ನ ಎಲೆ ಬಚ್ಚಿಟ್ಟುಕೊಳ್ಳಬೇಕಾಯಿತು. ಊಟದ ಮನೆಗೆ ಬೀಗ ಬೀಳುವ ಕಾಲ ಬಂತು ಎಂದು ಬೀದಿಯ ತುಂಬ ಅದೇ ಸುದ್ದಿ. ಆ ಸುದ್ದಿ ಕೇಳುತ್ತಲೇ ಮುದುಕಿ ಒಳಗೆ ಬಂದಳು.

“ಯಾಕಮ್ಮಾ, ಇಷ್ಟು ದೂರ? ಹಸಿವಾಗಿದೆಯಾ? ಕೂತುಕೋ, ಬಡಿಸುತ್ತೇನೆ” ಎಂದ ವ್ಯಾಪಾರಿ.

“ಹಸಿವು ನನಗಲ್ಲೋ ಯಪ್ಪಾ, ನನ್ನ ಕೌದಿಗೆ. ನೀ ಹೊಗಳಿದಿ, ನಾ ಮರುಳಾದೆ, ಅದಕ್ಕ ಉಣ್ಣಿಸದ ಕಳಿಸಿಬಿಟ್ಟೆ. ಕೆಳಗ ಇಳಿಸು.”

ಪಂಕ್ತಿಯಲ್ಲಿ ಕೂತವರೆಲ್ಲ ನಕ್ಕರು. “ಅದಕ್ಕೂ ಒಂದು ಎಲೆ ಹಾಕಿಸಿ ಸ್ವಾಮೀ! ಉಪ್ಪಿನಕಾಯಿ ಮರೆಯಬೇಡಿ!” ಎಂದು ಒಬ್ಬ ಕೂಗಿದ.

ವ್ಯಾಪಾರಿ ಮುಖ ಗಂಟಿಕ್ಕಿದ. “ಅದೀಗ ಕಲೆ. ಅದನ್ನು ನೋಡಲು ದೇಶದೇಶದಿಂದ ಜನ ಬರುತ್ತಾರೆ. ಸೂಜಿ ತಾಗಿಸಕೂಡದು.”

“ಬಂದವರು ನೋಡ್ತಾರ, ಉಣ್ತಾರ, ಹಸಕೊಂಡು ಹೋಗ್ತಾರ. ಅದಕ್ಕೇನಂತಿ?”

ವ್ಯಾಪಾರಿ ಪಂಕ್ತಿಯ ಕಡೆ ಒಮ್ಮೆ ನೋಡಿ, ಕೌದಿಯನ್ನು ಇಳಿಸಿದ.

ಮುದುಕಿ ನೆಲದ ಮೇಲೆ ಕೂತು, ಮೂಲೆಯೊಳಗೆ ಕಾಳು ಹಾಕಿ, ಹೊಲಿದು, ದಾರವನ್ನು ಹಲ್ಲಿನಿಂದ ಕಡಿದಳು. ಕಡಿದಳೋ ಇಲ್ಲವೋ, ಪಂಕ್ತಿಯ ಆ ತುದಿಯಿಂದ ಈ ತುದಿಯವರೆಗೆ ಎಲ್ಲರೂ ಒಮ್ಮೆಗೇ ತೇಗಿದರು. ಆ ತೇಗಿಗೆ ಬೀದಿಯ ಚಿತ್ರಗಳೆಲ್ಲ ಗೋಡೆಯ ಮೇಲೆ ವಾರೆಯಾದವು. ಅಷ್ಟನ್ನೂ ನೆಟ್ಟಗೆ ಮಾಡಿದವನು ನಾನೇ.

ವ್ಯಾಪಾರಿ ಕೌದಿಯನ್ನು ಮತ್ತೆ ಗೋಡೆಗೆ ತೂಗುಹಾಕಿ, “ಏನು ಬೇಕೋ ಕೇಳು” ಎಂದ.

“ಈಗ ನನಗ ಹಸಿವಾತು. ಎಲೆ ಹಾಕು. ಅಲ್ಲಿ, ಅದರ ಕೆಳಗ.”

ಅದು ರಾಜರು ಕೂರುವ ಜಾಗ. ಮುದುಕಿ ಅಲ್ಲೇ ಚಕ್ಕಳಮಕ್ಕಳ ಹಾಕಿ ಕೂತು, ಎರಡು ಸಲ ಬಡಿಸಿಕೊಂಡು ಉಂಡಳು. ಒಳಗೆ ಬಂದವರಿಗೆಲ್ಲ ಎಂಜಲು ಕೈಯೆತ್ತಿ ಗೋಡೆ ತೋರಿಸಿ, “ಇದು ನಂದು” ಎಂದಳು. ಸಾಲಿನಲ್ಲಿ ನಿಂತ ರಾಜನಿಗೂ ಹಾಗೇ ಅಂದಳು. ಯಾರೂ ನಗಲಿಲ್ಲ. ರಾಜ ಕಿರೀಟ ತೆಗೆದು ಕಂಕುಳಲ್ಲಿ ಇಟ್ಟುಕೊಂಡ.

ಅಜ್ಜ ಕತೆ ನಿಲ್ಲಿಸಿದರು. ಕಲ್ಲಯ್ಯನ ಮುಖ ಅರಳಿತ್ತು.

“ಹಾಗಾದರೆ ಹೆಮ್ಮೆಪಡಬಹುದು ಅಂತಾಯಿತು, ಅಲ್ಲವೇ ಅಜ್ಜಾರೇ?”

ಅಜ್ಜ ಎದ್ದು, ಗೋಡೆಗೆ ಒರಗಿದ್ದ ಬಾಗಿಲನ್ನು ಮುಂದಕ್ಕೆ ಎಳೆದರು. ಅದರ ಹಿಂದೆ ಒಂದು ಮೊಳ ಗೋಡೆ ಬರಿದಾಗಿತ್ತು.

“ಧಾರಾಳವಾಗಿ ಪಡು ತಮ್ಮಾ, ಈ ಮೂಲೆಗೂ ಉಣ್ಣಿಸಿ ಬಂದು.”

ಕಲ್ಲಯ್ಯ ಬಣ್ಣದ ಕುಡಿಕೆ ಎತ್ತಿಕೊಂಡ.