ಪಾರವ್ವನ ಎರಡು ಕುಂಡ

ಈ ಕಥೆ ನನಗೆ ಚೆನ್ನಾಗಿ ಹೇಳಲು ಬರುವುದಿಲ್ಲ, ಮೊದಲೇ ಕ್ಷಮೆ ಕೇಳುತ್ತೇನೆ. ಎಲ್ಲಿ ಬಿಡಿಸಿ ಹೇಳಬೇಕು, ಎಲ್ಲಿ ಸುಮ್ಮನಿರಬೇಕು ಎಂಬುದು ಇನ್ನೂ ತಿಳಿದಿಲ್ಲ.

ಹೊಳೆಯ ದಂಡೆಯಲ್ಲಿ ಒಂದು ಆಶ್ರಮ. ಅಲ್ಲಿ ಒಬ್ಬ ಗುರು, ಒಬ್ಬ ಶಿಷ್ಯ. ಶಿಷ್ಯನ ಹೆಸರು ಈರಯ್ಯ.

ಮಳೆಗಾಲದ ಮೊದಲಲ್ಲಿ ಪಾರವ್ವ ಎಂಬ ಹೆಂಗಸು ಎರಡು ಕುಂಡ ತಂದು ಈರಯ್ಯನ ಕೈಗಿಟ್ಟಳು. ಎರಡರಲ್ಲೂ ದೊಡ್ಡಪತ್ರೆ. ತೀರಿಕೊಂಡ ಗಂಡ ನೆಟ್ಟಿದ್ದ ಗಿಡವನ್ನೇ ಅವಳು ಎರಡು ಪಾಲು ಮಾಡಿದ್ದಳು.

"ಮಗಳ ಬಾಣಂತನಕ್ಕ ಹೊಂಟೀನಿ ತಮ್ಮಾ. ಬರೋದು ಮೂರು ತಿಂಗಳಾಗ್ತದ. ಒಂದು ಒಳಗ ಇಡು, ಒಂದು ಹೊರಗ ಇಡು. ಒಂದು ಹೋದ್ರ ಇನ್ನೊಂದರ ಉಳೀತದ."

"ಎರಡೂ ಉಳಿಸ್ತೀನವ್ವಾ," ಎಂದ ಈರಯ್ಯ.

ಒಳಗಿನ ಕುಂಡವನ್ನು ಗುರುಗಳು ಕೂರುವ ಚಾಪೆಯ ಪಕ್ಕ ಇಟ್ಟ. ಮೇಲಿನ ಮಣ್ಣು ಒಣಗಿದಂತೆ ಕಾಣುತ್ತಿತ್ತು. ದಿನವೂ ಒಂದು ಚೆಂಬು ನೀರು ಸುರಿದ. ಗುರುಗಳು ನೋಡುವಾಗಲೇ ಸುರಿಯುತ್ತಿದ್ದ, ಅದನ್ನೂ ಹೇಳಿಬಿಡಬೇಕು.

ಹೊರಗಿನದು ಹಿತ್ತಲಲ್ಲಿ, ಸೂರಿನಡಿ. ಮಳೆ ಬರುತ್ತಿದೆಯಲ್ಲ ಎಂದು ಅತ್ತ ಹೋಗಲೇ ಇಲ್ಲ. ಮಳೆ ಬಂದದ್ದು ನಿಜ. ಸೂರಿನಡಿಗೆ ಬರಲಿಲ್ಲ.

ಒಮ್ಮೆ ಗುರುಗಳು ಹೇಳಿದರು: "ಮಣ್ಣಾಗ ಬೆರಳು ಹಾಕಿ ನೋಡು."

"ಸ್ನಾನ ಆಗೇದ್ರಿ ಅಜ್ಜಾರ. ಕೈ ಮಣ್ಣಾಗ್ತದ. ಒಣಗೇದೋ ಇಲ್ಲೋ ಕಣ್ಣಿಗೇ ಕಾಣ್ತದಲ್ರಿ."



ಮೂರನೆಯ ತಿಂಗಳು ಒಳಗಿನ ಗಿಡ ಬುಡದಲ್ಲಿ ಕಪ್ಪಾಗಿ ಕುಸಿಯಿತು. ಈರಯ್ಯ ಹಿತ್ತಲಿಗೆ ಓಡಿದ. ಅಲ್ಲಿದ್ದದ್ದು ಒಣಕಡ್ಡಿ. ಒಂದೇ ಒಂದು ರೆಂಬೆಯಲ್ಲಿ ಹಸಿರಿತ್ತು.

ಆ ರೆಂಬೆಯನ್ನು ಮುರಿದ. ಕೊಳೆತದ್ದನ್ನು ಕಿತ್ತು ಹೊಳೆಗೆ ಬಿಸಾಡಿದ. ಒಳಗಿನ ಕುಂಡದಲ್ಲಿ ರೆಂಬೆ ಸಿಕ್ಕಿಸಿ, ಗಿಡದ ಹಾಗೆ ನಿಲ್ಲಿಸಿದ.

ಬಂದವರಿಗೆಲ್ಲ ಗುರುಗಳು ಅದನ್ನು ತೋರಿಸಿದರು: "ನಮ್ಮ ಈರಯ್ಯನ ಕೈಗುಣ ನೋಡ್ರಿ."

ಈರಯ್ಯನಿಗೆ ಮುಖ ಎತ್ತಲಾಗುತ್ತಿರಲಿಲ್ಲ. ಆ ಕುಂಡದ ಹತ್ತಿರ ಹೋಗುವುದನ್ನೇ ಬಿಟ್ಟ. ನೀರು ಹಾಕಲೂ ಹೋಗಲಿಲ್ಲ.

ಹನ್ನೆರಡು ದಿನ ಕಳೆಯಿತು. ಪಾರವ್ವ ದೋಣಿ ಹತ್ತಿದ್ದಾಳೆ ಎಂದು ಆಚೆ ದಡದಿಂದ ಬಂದವರು ಹೇಳಿದರು. ಈರಯ್ಯ ಗುರುಗಳ ಮುಂದೆ ಹೋಗಿ ಕುಳಿತ.

"ಅಜ್ಜಾರ, ಇದು ಗಿಡ ಅಲ್ರಿ. ಬರೇ ಕಡ್ಡಿ. ನಾನು ಮೋಸ ಮಾಡೀನ್ರಿ."

ತೋರಿಸಲೆಂದು ಅದನ್ನು ಹಿಡಿದು ಕಿತ್ತ. ಕಡ್ಡಿ ಸುಲಭವಾಗಿ ಬರಲಿಲ್ಲ. ಬಂದಾಗ ತುದಿಯಲ್ಲಿ ನೂಲಿನಷ್ಟು ತೆಳ್ಳಗಿನ ಬಿಳಿ ಬೇರುಗಳಿದ್ದವು.

ಈರಯ್ಯ ಬಾಯಿ ತೆರೆದು ನೋಡಿದ.

"ನಾನು ನೀರೇ ಹಾಕಿಲ್ರಿ!"

"ಯಾಕ ಹಾಕಲಿಲ್ಲ?"

"ನಾಚಿಕಿ ಆಗಿ."

"ಈಗ ಬೆರಳು ಹಾಕು."

ಈರಯ್ಯ ಕುಂಡದಲ್ಲಿ ಬೆರಳಿಳಿಸಿದ. ಮೇಲೆ ಒಣ ಮಣ್ಣು. ಎರಡು ಗೆಣ್ಣು ಕೆಳಗೆ ಇನ್ನೂ ತಂಪು. ಅವನ ಕಣ್ಣು ತುಂಬಿತು. ಒದ್ದೆ ಮಣ್ಣಿಗೆ ಕಡ್ಡಿಯನ್ನು ಮತ್ತೆ ನೆಟ್ಟು, ಮಣ್ಣಾದ ಕೈಗಳನ್ನೇ ಮುಗಿದ.

"ತಪ್ಪಾತ್ರಿ ಅಜ್ಜಾರ. ನಿಮ್ಮ ಮಾತು ಕೇಳಲಿಲ್ಲ. ನಿಮಗ ಕಾಣಲಿ ಅಂತ ಒಳಗಿನದಕ್ಕ ನೀರು ಹಾಕಿದೆ. ಹಿತ್ತಲದ್ದು ನೀವು ನೋಡೂದಿಲ್ಲ ಅಂತ ಬಿಟ್ಟೆ. ನಿಮ್ಮ ಮುಂದ ನಾನು ಎಂಥಾ..."

"ತಮ್ಮಾ ಈರಯ್ಯಾ!" ಅಂಗಳದಿಂದ ಪಾರವ್ವನ ದನಿ. "ಎಲ್ಲಿದ್ದೀಪಾ? ನನ್ನ ಗಿಡ ಹ್ಯಾಂಗದಾವು?"

ಈರಯ್ಯ ಅತ್ತ ತಿರುಗಲಿಲ್ಲ. ಗುರುಗಳ ಪಾದವನ್ನೇ ನೋಡುತ್ತ ಮುಂದುವರಿಸಿದ.

"ಅದು ಹ್ಯಾಂಗಾತು ಅಂದ್ರ ಅಜ್ಜಾರ, ಮೊದಲನೇ ದಿನದಿಂದ ಹೇಳ್ತೀನಿ, ನಾನು ತಿಳಕೊಂಡದ್ದು ಏನಂದ್ರ..."

"ಒಳಗ ಸುರಿದದ್ದು ಸಾಕು, ಈರಯ್ಯ," ಎಂದರು ಗುರುಗಳು. "ಹೊರಗ ಹೋಗು."